‘ಇನ್ವೆಂಟರ್’ಗೆ ಮಕ್ಕಳ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಟಲಿಯ ಚಿತ್ರಕಾರ, ಇನ್ವೆಂಟರ್ ಲಿಯೊನಾರ್ಡೊ ದ ವಿಂಚಿಯ ಬದುಕಿನ ಮೇಲೆ ಎಂಟು–ಹತ್ತು ವರ್ಷದ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಬರೆಯುತ್ತಿದ್ದೇನೆ. ಒಂದು ಪುಟದಲ್ಲಿ ಚಿತ್ರ, ಎದುರು ಪುಟದಲ್ಲಿ ನಾಲ್ಕೈದು ಸಾಲು, ಅಷ್ಟೇ. ಇಷ್ಟು ಕಡಿಮೆ ಮಾತಿನಲ್ಲಿ ಒಂದು ಪದ ತಪ್ಪಿದರೂ ಇಡೀ ಪುಟ ಕೆಡುತ್ತದೆ. ಹಾಗಾಗಿ ನಿಮ್ಮ ಸಹಾಯ ಬೇಕು.

ಮೊದಲ ಪುಟದಲ್ಲೇ ತೊಡಕು. ‘ಚಿತ್ರಕಾರ’ ಮಕ್ಕಳಿಗೆ ಗೊತ್ತು. ಅದರ ಪಕ್ಕದ ‘ಇನ್ವೆಂಟರ್’ಗೆ ಏನು ಹಾಕೋದು? ‘ಸಂಶೋಧಕ’ ಅಂತ ಬರೆಯುವುದು ರೂಢಿ. ಆದರೆ ಪಿಎಚ್.ಡಿ. ಮಾಡುವವರೂ ಸಂಶೋಧಕರೇ, ಹಳೇ ಶಾಸನ ಓದುವವರೂ ಸಂಶೋಧಕರೇ. ‘ಆವಿಷ್ಕಾರಕ’ದ ಅರ್ಥ ಖಚಿತ. ಆದರೆ ಮೂರನೇ ಕ್ಲಾಸಿನ ನನ್ನ ಅಕ್ಕನ ಮಗಳು ಓದುವಾಗ ಆ ಪದದಲ್ಲಿ ಎರಡು ಸಲ ತಡವರಿಸಿದಳು, ಮೂರನೇ ಸಲ ಅದನ್ನು ಬಿಟ್ಟೇ ಮುಂದೆ ಹೋದಳು.

‘ಕಂಡುಹಿಡಿದವನು’ ಬಾಯಿಗೆ ಸಲೀಸು. ಕಳ್ಳನನ್ನು ಕಂಡುಹಿಡಿಯುವುದಕ್ಕೂ ರೇಡಿಯೋ ಕಂಡುಹಿಡಿಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಇದು ಗೊಂದಲ ಅನ್ನುವವರಿದ್ದಾರೆ. ನನಗೆ ಇದು ಇಷ್ಟ. ಕಾಣಬೇಕು, ಆಮೇಲೆ ಹಿಡಿಯಬೇಕು. ಲಿಯೊನಾರ್ಡೊ ಮಾಡಿದ್ದೂ ಅದೇ ಅಲ್ವಾ? ಹಕ್ಕಿ ಗಾಳಿಯಲ್ಲಿ ಹೇಗೆ ತೇಲುತ್ತದೆ, ಹೇಗೆ ತಿರುಗುತ್ತದೆ ಅಂತ ಕಂಡ, ಕಂಡದ್ದನ್ನು ಹಾಳೆಯಲ್ಲಿ ಹಿಡಿದ. ಸುಮಾರು 1505ರಲ್ಲಿ ಹಕ್ಕಿಗಳ ಹಾರಾಟದ ಮೇಲೆಯೇ ಒಂದು ಪುಟ್ಟ ಪುಸ್ತಕ ಬರೆದ. ಅದು ಈಗಲೂ ಇಟಲಿಯ ಟುರಿನ್‌ನಲ್ಲಿದೆ. (‘ಬರೆದ’ ಅನ್ನುವಾಗ ಮಾತೂ ಬಂತು, ಚಿತ್ರವೂ ಬಂತು. ಎರಡೂ ಬೆರೆತ ಅವನ ಪುಟಗಳಿಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಸಿಗಲಾರದು.)

ಆದರೆ ಹಾರುವುದಕ್ಕೆಂದು ಅವನು ಬರೆದ ಬಾವಲಿ ರೆಕ್ಕೆಯ ಯಂತ್ರದ ಚಿತ್ರ ನೋಡಿ ನಮ್ಮ ಹುಡುಗಿ ಕೇಳಿದಳು: “ಇದನ್ನ ಕಂಡುಹಿಡಿದು ಅವನು ಎಲ್ಲಿಗೆ ಹಾರಿಹೋದ?” ಅದು ನಿಜಕ್ಕೂ ಹಾರಬಲ್ಲ ಯಂತ್ರವೇ ಆಗಿರಲಿಲ್ಲ. ‘ಕಂಡುಹಿಡಿದ’ ಅಂದ ಮೇಲೆ ಅದು ಕೆಲಸ ಮಾಡಿತು ಅಂತಲೇ ಕಿವಿಗೆ ಕೇಳುತ್ತದೆ. ಅವನ ಎಷ್ಟೋ ಯಂತ್ರಗಳು ಹಾಳೆ ಬಿಟ್ಟು ಹೊರಗೆ ಬರಲೇ ಇಲ್ಲ. ಮಗುವಿಗೆ ಸುಳ್ಳು ಹೇಳಿದ ಹಾಗಾಗಬಾರದು.

ಹುಡುಕುತ್ತಾ ‘ಹೂಡು’ ಸಿಕ್ಕಿತು. ನೇಗಿಲು ಹೂಡು, ಆಟ ಹೂಡು, ಹಂಚಿಕೆ ಹೂಡು. ಗೆದ್ದೇ ಗೆಲ್ಲುತ್ತದೆ ಅನ್ನುವ ಮಾತು ಇದರಲ್ಲಿಲ್ಲ. ‘ಹಾರುವುದಕ್ಕೆ ಹಂಚಿಕೆ ಹೂಡಿದ’ ಅಂತ ಬರೆದೆ, ಓದಿದರೆ ಹಿತವಾಗಿದೆ. ಆದರೆ ಹಿಂದೆಯೇ ‘ಸಂಚು ಹೂಡು’ ನೆನಪಾಗುತ್ತದೆ. ಮತ್ತೆ, ನಾಮಪದ ಹೇಗೆ ಮಾಡೋದು? ‘ಹೂಡುಗ’ ಅಂದರೆ ಮಕ್ಕಳು ‘ಹುಡುಗ’ ಅಂತ ಓದಿಬಿಡುತ್ತಾರೆ.

ನಮ್ಮ ಮನೆಮಾತಿನಲ್ಲೇ ಇಂಥ ಪದ ಎಲ್ಲೋ ಇದೆ ಅನ್ನಿಸುತ್ತದೆ. ಇನ್ನೊಂದು ಪುಟದಲ್ಲಿ ಹಾಗೆ ಸಿಕ್ಕಿತು ಕೂಡ. ಲಿಯೊನಾರ್ಡೊನ ಇನ್ನೊಂದು ಹಾರುವ ಯಂತ್ರ ತಿರುಪಿನ ಆಕಾರದ್ದು. ಅದರ ಬಟ್ಟೆಯ ಸಣ್ಣ ಸಣ್ಣ ರಂಧ್ರಗಳನ್ನು ಸ್ಟಾರ್ಚ್‌ನಿಂದ ಮುಚ್ಚಬೇಕು ಅಂತ ಅವನೇ ಬರೆದಿಟ್ಟಿದ್ದಾನೆ. ನಾನು ಮೊದಲು ‘ಪಿಷ್ಟ ಲೇಪಿತ ವಸ್ತ್ರ’ ಎಂದು ಬರೆದಿದ್ದೆ. ಹೊಡೆದುಹಾಕಿ ‘ಗಂಜಿ ಹಾಕಿದ ಬಟ್ಟೆ’ ಎಂದೆ. ಅಜ್ಜಿಯ ಕಾಟನ್ ಸೀರೆ ಮುಟ್ಟಿದ ಮಗುವಿಗೆ ಆ ಬಟ್ಟೆ ಎಷ್ಟು ಗಟ್ಟಿ ಅಂತ ತಟ್ಟನೆ ಗೊತ್ತಾಗುತ್ತದೆ. ನಿಮ್ಮ ಊರಿನಲ್ಲಿ, ಬಡಗಿ ಕಮ್ಮಾರರ ಬಾಯಲ್ಲಿ, ಹೊಸ ಉಪಕರಣ ಯೋಚಿಸಿ ಮಾಡುವವನಿಗೆ ಏನನ್ನುತ್ತಾರೆ?

ಇನ್ನೆರಡು ಸಣ್ಣ ಪ್ರಶ್ನೆ. ಲಿಯೊನಾರ್ಡೊ ಎಡಗೈಯವನು. ಬಲದಿಂದ ಎಡಕ್ಕೆ, ಕನ್ನಡಿ ಹಿಡಿದರೆ ಮಾತ್ರ ನೆಟ್ಟಗೆ ಕಾಣುವ ಹಾಗೆ ಬರೆಯುತ್ತಿದ್ದ. ಅದಕ್ಕೆ ‘ಕನ್ನಡಿ ಬರಹ’ ಸಾಕು. ಆದರೆ ‘ಎಡಚ’ ಅನ್ನೋದಕ್ಕೆ ಮನಸ್ಸು ಬರುತ್ತಿಲ್ಲ. ನಾನೂ ಎಡಗೈಯವಳು, ಚಿಕ್ಕವಳಿದ್ದಾಗ ಆ ಪದವನ್ನು ಬೈಗುಳವಾಗಿಯೇ ಕೇಳಿದ್ದೇನೆ. ಅದನ್ನು ಪ್ರೀತಿಯಿಂದ ಹೇಳುವ ಕಡೆಯೂ ಇದೆಯಾ?

ಕೊನೆಯದು, ‘ಅವನು’ ಯಾವಾಗ ‘ಅವರು’ ಆಗಬೇಕು? ವಿಂಚಿ ಊರಿನ ಪುಟ್ಟ ಹುಡುಗ ‘ಅವನು’, ಸರಿ. 1519ರಲ್ಲಿ, ಫ್ರಾನ್ಸಿನ ಆಂಬ್ವಾಸ್‌ನಲ್ಲಿ, 67ನೇ ವಯಸ್ಸಿನಲ್ಲಿ ‘ಅವನು ತೀರಿಕೊಂಡ’ ಅಂತ ಬರೆಯಲು ಕೈ ಏಳುತ್ತಿಲ್ಲ. ಸದ್ಯಕ್ಕೆ ಫ್ಲಾರೆನ್ಸ್ ಬಿಟ್ಟು ಮಿಲಾನ್‌ಗೆ ಹೊರಡುವ ಪುಟದಿಂದ ‘ಅವರು’ ಮಾಡಿದ್ದೇನೆ. ಆಗ ವಯಸ್ಸು ಸುಮಾರು ಮೂವತ್ತು. ಬೇಗ ಆಯಿತಾ?