ಸುಳ್ಯದ ಸಿಲೋನ್ ಕಾಲೊನಿಯವರು ಶ್ರೀಲಂಕಾ ಯುದ್ಧಕ್ಕೆ ಹೆದರಿ ಬಂದವರಾ?

ಪ್ರಶ್ನೆ: ಜಿನಸಿ ಅಂಗಡಿ, ಸುಳ್ಯ

ಸುಳ್ಯದ ಹತ್ತಿರ ನನ್ನದೊಂದು ಚಿಕ್ಕ ಜಿನಸಿ ಅಂಗಡಿ. ಕೆಎಫ್‌ಡಿಸಿ (ಅರಣ್ಯ ಅಭಿವೃದ್ಧಿ ನಿಗಮ) ರಬ್ಬರ್ ತೋಟದ ಕಾಲೊನಿಯ ತಮಿಳರು ಖಾಯಂ ಗಿರಾಕಿಗಳು. ಊರಲ್ಲಿ ಎಲ್ಲರೂ ಅವರಿಗೆ ‘ಸಿಲೋನ್‌ನವರು’ ಅಂತಾರೆ. ಎಲ್‌ಟಿಟಿಇಯ ಪ್ರಭಾಕರನ್ ಗಲಾಟೆಯಲ್ಲಿ ಓಡಿ ಬಂದವರು ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಮೊನ್ನೆ ಒಬ್ಬರು ಅಜ್ಜ ಬೇಳೆ ಕಟ್ಟಿಸಿಕೊಳ್ಳುತ್ತಾ ‘ನಾವು ಬಂದದ್ದು ಎಪ್ಪತ್ತಮೂರರಲ್ಲಿ’ ಅಂದರು. ಯುದ್ಧ ಶುರುವಾದದ್ದು 1983ರಲ್ಲಿ ಅಲ್ವಾ? ಹತ್ತು ವರ್ಷ ಮೊದಲೇ ಯಾಕೆ ಬಂದರು? ಕೇಳಿದರೆ ನಕ್ಕು, ‘ಅದು ದೊಡ್ಡ ಕತೆ ಸ್ವಾಮಿ’ ಅಂದು ಹೋದರು. ಆ ಯುದ್ಧ ಯಾಕಾಯಿತು, ಹೇಗೆ ನಡೆಯಿತು ಅಂತ ಗೊತ್ತಿದ್ದವರು ಹೇಳಿ.

ಉತ್ತರ: ತೋಟದ ಮನೆ ಹುಡುಗಿ

ಅಣ್ಣಾ, ಅಜ್ಜ ಹೇಳಿದ್ದು ಸರಿ. ನಾನು ಹುಟ್ಟಿದ್ದೇ ಅಂಥ ಒಂದು ಕಾಲೊನಿಯಲ್ಲಿ. ಅಪ್ಪ, ಅಮ್ಮ ಇಬ್ಬರೂ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಮಾಡಿದವರು. ಓದಿದ್ದು ಕನ್ನಡ ಶಾಲೆಯಲ್ಲಿ, ಈಗ ಮಂಗಳೂರಲ್ಲಿ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ಅಜ್ಜಿ ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ಹ್ಯಾಟನ್ ಕಡೆಯ ಟೀ ತೋಟದಲ್ಲಿ ಹುಟ್ಟಿದವಳು. ಅವಳ ಅಪ್ಪ ಹುಟ್ಟಿದ್ದೂ ಅಲ್ಲೇ. ಬ್ರಿಟಿಷರು ತಮಿಳುನಾಡಿನ ಬರದ ಸೀಮೆಗಳಿಂದ ಮೊದಲು ಕಾಫಿಗೆ, ಕಾಫಿಗೆ ರೋಗ ಬಿದ್ದ ಮೇಲೆ ಟೀಗೆ ಅಂತ ಜನರನ್ನು ಕರೆದುಕೊಂಡು ಹೋಗಿದ್ದರು. ವಾಸ ಒಂದೇ ಕೋಣೆಯ ಲೈನ್ ಮನೆಯಲ್ಲಿ. ಟೀ ಸೊಪ್ಪಿನ ಬುಟ್ಟಿ ಬೆನ್ನ ಮೇಲೆ, ಅದರ ಹಗ್ಗ ನೆತ್ತಿಯ ಮೇಲೆ. ಆ ಹಗ್ಗ ಕೂತ ಜಾಗದಲ್ಲಿ ಅಜ್ಜಿಗೆ ಸಾಯುವವರೆಗೂ ಕೂದಲು ಬರಲಿಲ್ಲ. ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ನುಣ್ಣಗೆ ಸಿಗುತ್ತಿತ್ತು.

1948ರ ಫೆಬ್ರವರಿಯಲ್ಲಿ ಸಿಲೋನಿಗೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವದ ಕಾನೂನು ಮಾಡಿದರು. ನಿಮ್ಮ ಅಪ್ಪ ಇಲ್ಲೇ ಹುಟ್ಟಿದ್ದು ಅಂತ ಕಾಗದ ತೋರಿಸಿ ಅಂದರು. ಲೈನ್ ಮನೆಯಲ್ಲಿ ಹುಟ್ಟಿದ ಮಗುವಿಗೆ ಆ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ? ಸುಮಾರು 7 ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. ಓಟೂ ಹೋಯಿತು. ಜಾಫ್ನಾದ ಕೆಲವು ತಮಿಳು ನಾಯಕರು ಆ ಸರ್ಕಾರದಲ್ಲಿ ಮಂತ್ರಿಗಳಾಗಿ ಸುಮ್ಮನೆ ಕೂತಿದ್ದರು. ಅದಕ್ಕೆ ಸಿಟ್ಟಾಗಿ ತಮಿಳು ನಾಯಕ ಚೆಲ್ವನಾಯಕಂ ತಮ್ಮ ಪಕ್ಷದಿಂದ ಹೊರಗೆ ಬಂದು 1949ರಲ್ಲಿ ಬೇರೆ ಪಕ್ಷ ಕಟ್ಟಿದರು. ಯುದ್ಧದ ಕತೆ 1983ರಿಂದ ಶುರುವಲ್ಲ, ಇಲ್ಲಿಂದ ಅಂತ ನನ್ನ ಲೆಕ್ಕ.

1964ರಲ್ಲಿ ಸಿಲೋನಿನ ಪ್ರಧಾನಿ ಸಿರಿಮಾವೊ ಮತ್ತು ನಮ್ಮ ಶಾಸ್ತ್ರೀಜಿ ಕೂತು ಒಪ್ಪಂದ ಮಾಡಿಕೊಂಡರು. 5,25,000 ಜನ ಭಾರತಕ್ಕೆ, 3 ಲಕ್ಷ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ. ಅದನ್ನೂ 1974ರಲ್ಲಿ ಇಂದಿರಾ ಗಾಂಧಿ ಕಾಲಕ್ಕೆ ಅರ್ಧ ಅರ್ಧ ಮಾಡಿದರು. ನಮ್ಮ ಕಡೆ ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಮೊದಲು ತಲೆ ಎಣಿಸಿದರು, ಅರ್ಜಿ ಹಾಕಿ ಅಂದದ್ದು ಆಮೇಲೆ.

ಅಜ್ಜಿ ಬಂದದ್ದು 1975ರಲ್ಲಿ. ಅವಳ ಭಾಷೆಯಲ್ಲಿ ರೈಲಿಗೆ ‘ಕೋಚಿ’. ಹ್ಯಾಟನ್‌ನಿಂದ ಹೊರಟದ್ದು ‘ಅಳುವ ಕೋಚಿ’ ಅಂತ ಹೇಳುತ್ತಿದ್ದಳು. ತಲೈಮನ್ನಾರ್‌ನಲ್ಲಿ ಹಡಗು ಹತ್ತಿ ರಾಮೇಶ್ವರ, ಅಲ್ಲಿಂದ ಮಂಡಪಂ ಕ್ಯಾಂಪು, ಕೊನೆಗೆ ಸುಳ್ಯದ ಕಾಡು. ಟೀ ಕಿತ್ತ ಕೈಗೆ ರಬ್ಬರ್ ಕತ್ತಿ ಬಂತು. ಅಲ್ಲಿ ನಮ್ಮನ್ನು ಇಂಡಿಯಾದವರು ಅಂತಿದ್ದರು, ಇಲ್ಲಿ ನೀವು ಸಿಲೋನ್‌ನವರು ಅಂತೀರಿ. ಪರವಾಗಿಲ್ಲ ಬಿಡಿ.

ಅವಳ ಒಬ್ಬನೇ ತಮ್ಮನಿಗೆ ಸಿಲೋನ್ ಪಾಲಾಯಿತು. ಅವನು ಅಲ್ಲೇ ಉಳಿದ. ಅವನ ಸಂಗತಿ ಆಮೇಲೆ ಹೇಳುತ್ತೇನೆ.

ಇನ್ನು ಜಾಫ್ನಾ ಕಡೆಯವರ ಕತೆಯೇ ಬೇರೆ. ಅವರು ಶತಮಾನಗಳಿಂದ ಅಲ್ಲಿಯವರೇ. ಅಲ್ಲಿ ಹೇಳಿಕೊಳ್ಳುವಂಥ ಹೊಳೆ ಇಲ್ಲ, ಬಾವಿ ನೀರು ಮತ್ತು ತಾಳೆಮರ. ಇಂಗ್ಲಿಷ್ ಓದಿ ಸರ್ಕಾರಿ ನೌಕರಿ ಹಿಡಿಯುವುದೇ ಅವರ ಬೆಳೆ. ಬ್ರಿಟಿಷರ ಕಾಲದಲ್ಲಿ ತಮ್ಮ ಸಂಖ್ಯೆಗಿಂತ ಜಾಸ್ತಿ ನೌಕರಿ ಅವರ ಕೈಯಲ್ಲಿತ್ತು. ಅಲ್ಲಿ ಬಹುಸಂಖ್ಯಾತರಾದ ಸಿಂಹಳರ ಹಳ್ಳಿಯ ಹುಡುಗರಿಗೆ ಇದು ಹೊಟ್ಟೆಗೆ ತಾಗುವ ಮಾತು, ಅದನ್ನೂ ಒಪ್ಪಬೇಕು. ಸಿಂಹಳ ನಾಯಕ ಬಂಡಾರನಾಯಕೆ ಆ ಸಿಟ್ಟನ್ನೇ ಓಟು ಮಾಡಿಕೊಂಡು ಪ್ರಧಾನಿಯಾಗಿ 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಅಂತ ಕಾನೂನು ತಂದರು. ಮರುವರ್ಷ ಚೆಲ್ವನಾಯಕಂ ಜೊತೆ ರಾಜಿ ಆಯಿತು. ಬೌದ್ಧ ಭಿಕ್ಕುಗಳು ಬಂದು ಮನೆ ಮುಂದೆ ಕೂತರು, 1958ರಲ್ಲಿ ಬಂಡಾರನಾಯಕೆ ರಾಜಿ ಮುರಿದರು. 1959ರಲ್ಲಿ ಒಬ್ಬ ಭಿಕ್ಕುವೇ ಅವರನ್ನು ಗುಂಡಿಟ್ಟು ಕೊಂದ. 70ರ ದಶಕದಲ್ಲಿ ಕಾಲೇಜು ಸೀಟಿಗೆ ತಮಿಳು ಹುಡುಗರು ಜಾಸ್ತಿ ಮಾರ್ಕು ತೆಗೆಯಬೇಕಾಯಿತು. ಸೀಟು ತಪ್ಪಿದವರ ಸಿಟ್ಟು ಹುಡುಗರನ್ನು ಬಂದೂಕಿನ ಕಡೆ ತಳ್ಳಿತು. 1976ರಲ್ಲಿ ತಮಿಳರಿಗೆ ಬೇರೆ ದೇಶ ಬೇಕು ಅನ್ನುವ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಗುಂಪು ಹುಟ್ಟಿತು. 1981ರಲ್ಲಿ ಜಾಫ್ನಾದ ಲೈಬ್ರರಿ ಸುಟ್ಟರು. 97,000 ಪುಸ್ತಕ, ಅದರಲ್ಲಿ ಓಲೆಗರಿಗಳೂ ಇದ್ದವು.

1983ರ ಜುಲೈ 23ರ ರಾತ್ರಿ ಹುಲಿಗಳು ಜಾಫ್ನಾದಲ್ಲಿ 13 ಸೈನಿಕರನ್ನು ಕೊಂದರು. ಮರುದಿನ ಕೊಲಂಬೊ ಹೊತ್ತಿಕೊಂಡಿತು. ಗುಂಪಿನವರ ಕೈಯಲ್ಲಿ ಮತದಾರರ ಪಟ್ಟಿ ಇತ್ತು, ಯಾವ ಮನೆ ತಮಿಳರದ್ದು ಅಂತ ನೋಡಿ ನೋಡಿ ಬೆಂಕಿ ಇಟ್ಟರು. ಬಸ್ಸು ನಿಲ್ಲಿಸಿ ಬಕೆಟ್ ತೋರಿಸಿ ‘ಇದಕ್ಕೇನಂತಾರೆ’ ಅಂತ ಕೇಳುತ್ತಿದ್ದರು. ಸಿಂಹಳದಲ್ಲಿ ಅದು ‘ಬಾಲ್ದಿಯ’. ತಮಿಳರ ಬಾಯಲ್ಲಿ ‘ವಾಲ್ದಿಯ’ ಅಂತ ಬಂದುಬಿಡುತ್ತಿತ್ತು. ಅಷ್ಟು ಸಾಕಿತ್ತು. ವೆಲಿಕಡ ಜೈಲಿನೊಳಗೇ 53 ತಮಿಳು ಕೈದಿಗಳನ್ನು ಕೊಂದರು. ಒಟ್ಟು ಸತ್ತವರು ಸರ್ಕಾರದ ಲೆಕ್ಕದಲ್ಲಿ ಸುಮಾರು 400, ತಮಿಳರ ಲೆಕ್ಕದಲ್ಲಿ 3,000ದವರೆಗೆ. ಅಲ್ಲಿಯವರೆಗೆ ಬೆರಳೆಣಿಕೆಯಷ್ಟಿದ್ದ ಹುಲಿಗಳ ಹಿಂದೆ ಆಮೇಲೆ ಸಾವಿರಗಟ್ಟಲೆ ಹುಡುಗರು ಹೋದರು.

ಉತ್ತರ: ಮಾಜಿ ನಾಯಕ್, ಕೊಡಗು

ತಂಗಿ ಚೆನ್ನಾಗಿ ಬರೆದಿದ್ದಾಳೆ. ಮುಂದಿನ ತುಂಡು ನನ್ನದು. 1983ರ ನಂತರ ಆ ಹುಡುಗರಿಗೆ ಶಿಬಿರ ಹಾಕಿ ತರಬೇತಿ ಕೊಟ್ಟದ್ದು ನಮ್ಮ ದೇಶವೇ. 1987ರ ಜುಲೈ 29ರಂದು ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದ ಆಯಿತು. ಮರುದಿನ ಕೊಲಂಬೊದಲ್ಲಿ ಗೌರವ ರಕ್ಷೆಯ ಸಾಲಿನಲ್ಲಿದ್ದ ಶ್ರೀಲಂಕಾ ನೌಕಾಪಡೆಯವನೊಬ್ಬ ರಾಜೀವ್ ಮೇಲೆ ಬಂದೂಕಿನ ಹಿಡಿಯಿಂದ ಬೀಸಿದ. ಆಗಲೇ ಅರ್ಥ ಆಗಬೇಕಿತ್ತು.

ಶಾಂತಿ ಪಡೆ ಅಂತ ಭಾರತೀಯ ಸೇನೆಯ ನಾವು ಹೋದೆವು. ಜಾಫ್ನಾದ ಜನ ಮೊದಲು ಹೂವಿನ ಹಾರ ಹಾಕಿದರು. ಅಕ್ಟೋಬರ್ ಹೊತ್ತಿಗೆ ಅದೇ ಓಣಿಯಲ್ಲಿ ಹುಲಿಗಳ ಗುಂಡು. ರಸ್ತೆಯಲ್ಲಿ ನಡೆಯುವಾಗ ಮುಂದಿನವನ ಹೆಜ್ಜೆ ಗುರುತಿನ ಮೇಲೇ ಕಾಲಿಡುತ್ತಿದ್ದೆವು, ನೆಲದಲ್ಲಿ ಏನಿದೆ ಅಂತ ಹೇಳಲಿಕ್ಕಾಗದು. ಊರಿಗೆ ಬಂದು ಎಷ್ಟೋ ದಿನ ನನ್ನ ಹೆಂಡತಿಯ ಹಿಂದೆ ಕಾಫಿ ತೋಟದಲ್ಲಿ ಹಾಗೇ ನಡೆಯುತ್ತಿದ್ದೆ. ಅವಳು ನಗುತ್ತಿದ್ದಳು.

ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮವರ ಗುಂಡಿಗೆ ರೋಗಿಗಳು, ಡಾಕ್ಟರರು, ನರ್ಸ್‌ಗಳು ಸತ್ತರು. ನಾನು ಅಲ್ಲಿರಲಿಲ್ಲ. ಆದರೂ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತೇನೆ.

ಕೊನೆಗೆ ನಮ್ಮನ್ನು ಓಡಿಸಲಿಕ್ಕೆ ಶ್ರೀಲಂಕಾದ ಹೊಸ ಅಧ್ಯಕ್ಷ ಪ್ರೇಮದಾಸರ ಸರ್ಕಾರವೇ ಹುಲಿಗಳಿಗೆ ಬಂದೂಕು ಕೊಟ್ಟಿತು. ಆ ಪ್ರೇಮದಾಸರನ್ನೂ 1993ರ ಮೇ 1ರಂದು ಹುಲಿಗಳೇ ಆತ್ಮಾಹುತಿ ಬಾಂಬಿನಿಂದ ಕೊಂದರು, ಅದು ಬೇರೆ. 1990ರ ಮಾರ್ಚ್‌ಗೆ ನಾವು ವಾಪಸ್. ನಮ್ಮವರು 1,100ಕ್ಕಿಂತ ಜಾಸ್ತಿ ಜನ ಸತ್ತಿದ್ದರು. ಮದ್ರಾಸ್ ಬಂದರಿನಲ್ಲಿ ಸ್ವಾಗತಕ್ಕೆ ಬರಬೇಕಾದವರು ಬರಲಿಲ್ಲ.

ಉತ್ತರ: ಕನಕಪುರ ರೋಡ್

ಒಂದು ಸಣ್ಣ ಸೇರ್ಪಡೆ. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಹತ್ಯೆ ಮಾಡಿಸಿದ ಹುಲಿಗಳ ಕಡೆಯ ಶಿವರಾಸನ್ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ, ಆ ಆಗಸ್ಟ್‌ನಲ್ಲಿ. ಆಗ ಅದು ಹಳ್ಳಿ. ನಮ್ಮಪ್ಪ ಹಾಲು ಹಾಕಲು ಹೋದವರು ಪೊಲೀಸರನ್ನು ನೋಡಿ ಕ್ಯಾನ್ ಸಮೇತ ವಾಪಸ್ ಬಂದಿದ್ದರು.

ಮತ್ತೆ ಕೇಳಿದ್ದು: ಜಿನಸಿ ಅಂಗಡಿ, ಸುಳ್ಯ

ಇಷ್ಟೆಲ್ಲಾ ಆಗಿದ್ದರೆ ಹುಲಿಗಳದ್ದು ಸರಿ ಅಂತಾಯಿತಲ್ಲ? ಮತ್ತೆ ನಿಮ್ಮ ಅಜ್ಜಿಯ ತಮ್ಮ ಏನಾದರು ತಂಗಿ?

ಉತ್ತರ: ತೋಟದ ಮನೆ ಹುಡುಗಿ

ಇಲ್ಲ ಅಣ್ಣಾ. ಅವರು 1986ರಲ್ಲೇ ಟೆಲೊದಂಥ ಬೇರೆ ತಮಿಳು ಗುಂಪಿನ ಹುಡುಗರನ್ನು ಬೀದಿಯಲ್ಲಿ ಕೊಂದಿದ್ದರು. 1990ರ ಅಕ್ಟೋಬರ್‌ನಲ್ಲಿ ಉತ್ತರದ ಮುಸ್ಲಿಮರನ್ನೆಲ್ಲಾ ಹೊರಗೆ ಹಾಕಿದರು. ಜಾಫ್ನಾ ಪೇಟೆಯಲ್ಲಿ ಕೊಟ್ಟದ್ದು ಎರಡೇ ಗಂಟೆ. ಅವರೂ ತಮಿಳು ಮಾತಾಡುವವರೇ.

ಅಜ್ಜಿಯ ತಮ್ಮ 1977ರ ಗಲಭೆಗೆ ಹೆದರಿ ತೋಟ ಬಿಟ್ಟ. ತಮಿಳರ ನಡುವೆ ಇದ್ದರೆ ಕ್ಷೇಮ ಅಂತ ವವುನಿಯಾ ದಾಟಿ ಉತ್ತರದ ವನ್ನಿ ಸೀಮೆ ಕಡೆ ಹೋಗಿ ಒಂದು ತುಂಡು ಜಾಗ ಮಾಡಿಕೊಂಡ. ಯುದ್ಧ ಬಂದು ಕೂತದ್ದು ಅಲ್ಲೇ. ಅವನ ಕಾಗದ ಬಂದರೆ ನಮ್ಮ ಮನೆಯಲ್ಲಿ ಓದುವವರಿಲ್ಲ. ನಾನು ಕಲಿತದ್ದು ಕನ್ನಡ, ಅಪ್ಪನಿಗೆ ಅಕ್ಷರವೇ ಇಲ್ಲ. ಸೇಲಂ ಕಡೆಯ ಲಾರಿ ಡ್ರೈವರ್ ಒಬ್ಬರು ರಬ್ಬರ್ ಶೀಟ್ ತುಂಬಲು ಬಂದಾಗ ಓದಿ ಹೇಳುತ್ತಿದ್ದರು. ಆತ ಬರುವವರೆಗೆ ಕಾಗದ ಅಕ್ಕಿ ಡಬ್ಬಿಯಲ್ಲಿ.

2002ರಲ್ಲಿ ನಾರ್ವೆಯವರು ಕದನವಿರಾಮ ಮಾಡಿಸಿದಾಗ ಒಂದು ಫೋಟೋ ಬಂತು, ಮೊಮ್ಮಗಳು ಶಾಲೆ ಯೂನಿಫಾರ್ಮಿನಲ್ಲಿ. 2004ರಲ್ಲಿ ಪೂರ್ವ ಭಾಗದ ಅವರ ಕಮಾಂಡರ್ ಕರುಣಾ ಹುಲಿಗಳನ್ನು ಬಿಟ್ಟ, ಪೂರ್ವ ಭಾಗ ಅವರ ಕೈ ತಪ್ಪತೊಡಗಿತು. 2005ರ ಕೊನೆಗೆ ರಾಜಪಕ್ಸ ಅಧ್ಯಕ್ಷರಾಗಿ ಬಂದರು. ಮರುವರ್ಷ ಒಂದು ನೀರಿನ ತೂಬಿನ ಜಗಳದಿಂದ ಮತ್ತೆ ಯುದ್ಧ. ಹುಲಿಗಳು ಮನೆಗೊಬ್ಬರು ಬನ್ನಿ ಅಂತ ಎಳೆದರು, ಫೋಟೋದ ಹುಡುಗಿ ಹೋದಳು. ಹೋದಳು ಅನ್ನುವುದು ತಪ್ಪು, ಕರೆದುಕೊಂಡು ಹೋದರು.

2009ರ ಜನವರಿಯಲ್ಲಿ ಹುಲಿಗಳ ರಾಜಧಾನಿಯಂತಿದ್ದ ಕಿಳಿನೊಚ್ಚಿ ಸೈನ್ಯದ ಕೈಗೆ ಬಿತ್ತು. ಜನ ಮುಳ್ಳಿವಾಯ್ಕಾಲ್ ಕಡೆ ಸಮುದ್ರದ ಮರಳಿಗೆ ಸರಿಯುತ್ತಾ ಹೋದರು. ಗುಂಡು ಹಾರದ ಜಾಗ ಅಂತ ಸರ್ಕಾರ ಹೇಳಿದಲ್ಲೇ ಶೆಲ್ ಬಿದ್ದವು. ತಪ್ಪಿಸಿಕೊಂಡು ಹೊರಟವರಿಗೆ ಹುಲಿಗಳು ಹಿಂದಿನಿಂದ ಗುಂಡು ಹೊಡೆದರು. ಆ ಕೊನೆಯ ತಿಂಗಳುಗಳಲ್ಲೇ 40,000 ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರು ಹೇಳಿದರು. ಮೇ 18ಕ್ಕೆ ಎಲ್ಲಾ ಮುಗಿಯಿತು. ಟಿವಿಯಲ್ಲಿ ಪ್ರಭಾಕರನ್ ಹೆಣ ತೋರಿಸುವಾಗ ಅಜ್ಜಿ ಅದನ್ನು ನೋಡಲಿಲ್ಲ. ಹಿಂದೆ ನಿಂತ ಜನರ ಮುಖ ಹುಡುಕುತ್ತಿದ್ದಳು.

ಮುಂದಿನ ವರ್ಷ ಫೋನ್ ಬಂತು. ತಮ್ಮನೂ ಅವನ ಹೆಂಡತಿಯೂ ಮೆನಿಕ್ ಫಾರ್ಮ್ ಕ್ಯಾಂಪಿನಲ್ಲಿ ಮುಳ್ಳುತಂತಿ ಒಳಗಿದ್ದು ಹೊರಗೆ ಬಂದಿದ್ದರು. ಹುಡುಗಿಯ ಸುದ್ದಿ ಅವರಿಗೂ ಗೊತ್ತಿರಲಿಲ್ಲ, ಇವತ್ತಿಗೂ ಇಲ್ಲ.

ನಿಮ್ಮ ಅಂಗಡಿಗೆ ಬರುವ ಅಜ್ಜನಿಗೆ ಯಾವ ತೋಟ ಅಂತ ಕೇಳಿ ನೋಡಿ, ತೋಟದ ಹೆಸರು ಯಾರೂ ಮರೆಯುವುದಿಲ್ಲ. ಹ್ಯಾಟನ್ ಕಡೆ ಅಂದರೆ ನನಗೆ ಇಲ್ಲೇ ತಿಳಿಸಿ. ದೀಪಾವಳಿಗೆ ಊರಿಗೆ ಬಂದಾಗ ಅವರಲ್ಲಿಗೆ ಹೋಗುತ್ತೇನೆ.