ಪದಚರ್ಚೆ: ಗಡ್ಡೆ ಸಿಕ್ಕ ಜಾಗ, ಗಡ್ಡೆ ಹುಟ್ಟಿದ ಅಂಗಾಂಶ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತುಮಕೂರು ಜಿಲ್ಲೆಯ ಆಶಾ ಕಾರ್ಯಕರ್ತೆಯರಿಗಾಗಿ ದೇಹದಲ್ಲಿ ಬೆಳೆಯುವ ಗಡ್ಡೆಗಳ ಬಗ್ಗೆ ಕಿರುಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿನ ಒಂದು ಪದರಚನೆಯ ಕುರಿತು ತಮ್ಮ ಅಭಿಪ್ರಾಯ ಬೇಕಾಗಿದೆ.

ವೈದ್ಯರು ಗಡ್ಡೆಯನ್ನು ವರ್ಗೀಕರಿಸುವಾಗ ಅದು ಯಾವ ಅಂಗಾಂಶದ ಕೋಶಗಳಿಂದ ಹುಟ್ಟಿತು ಎಂಬುದನ್ನು ಮುಖ್ಯವಾಗಿ ನೋಡುತ್ತಾರೆ. ಚರ್ಮ, ಬಾಯಿ, ಕರುಳುಗಳನ್ನು ಹೊದ್ದಿರುವ ಅನುಲೇಪಕ ಅಂಗಾಂಶದಿಂದ ಹುಟ್ಟುವ ಕ್ಯಾನ್ಸರು ಕಾರ್ಸಿನೋಮಾ; ಮೂಳೆ, ಕೊಬ್ಬು, ಸ್ನಾಯುಗಳಿಂದ ಹುಟ್ಟುವುದು ಸಾರ್ಕೋಮಾ. ಕೊಬ್ಬಿನ ಕೋಶಗಳು ಅತಿಯಾಗಿ ಬೆಳೆದರೂ ತಮ್ಮ ಎಲ್ಲೆಯೊಳಗೇ ಉಳಿದರೆ ಅದು ಲೈಪೋಮಾ, ನಮ್ಮ ಕಡೆಯ ಮಾತಿನಲ್ಲಿ ಕೊಬ್ಬಿನ ಗಂಟು. ಸುತ್ತಲಿನ ಭಾಗಕ್ಕೆ ನುಗ್ಗಿ ಬೆಳೆಯುವ ಬಗೆ ಲೈಪೋಸಾರ್ಕೋಮಾ.

ತೊಡಕಿರುವುದು ಷಷ್ಠೀ ವಿಭಕ್ತಿಯಲ್ಲಿ, ಅಂದರೆ ‘ಮೂಳೆಯ’ ಎಂಬಂಥ ರೂಪದಲ್ಲಿ. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರಿನ ಕೋಶಗಳು ರಕ್ತದ ಮೂಲಕ ಮೂಳೆಗೆ ಹೋಗಿ ನೆಲೆಸಿದರೂ ಅದು ಸ್ತನ ಕ್ಯಾನ್ಸರೇ ಹೊರತು ಮೂಳೆಯದಲ್ಲ, ಚಿಕಿತ್ಸೆಯನ್ನೂ ಆ ಹುಟ್ಟನ್ನು ನೋಡಿಯೇ ನಿರ್ಧರಿಸುತ್ತಾರೆ. ಆದರೆ ‘ಮೂಳೆಯ ಕ್ಯಾನ್ಸರ್’ ಎಂದು ಬರೆದರೆ ಮೂಳೆಯಲ್ಲಿ ಇರುವುದೋ ಮೂಳೆಯಿಂದ ಹುಟ್ಟಿದ್ದೋ ತಿಳಿಯುವುದಿಲ್ಲ. ರೋಗಿಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದವರು ಈ ಕಾರ್ಯಕರ್ತೆಯರೇ ಆದ್ದರಿಂದ ಇದು ಬರಿಯ ವ್ಯಾಕರಣದ ಮಾತಲ್ಲ.

ಆಯುರ್ವೇದದ ಹಳೆಯ ಗ್ರಂಥವಾದ ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ (ರೋಗಕಾರಣಗಳ ಭಾಗದಲ್ಲಿ) ಅರ್ಬುದಗಳನ್ನು, ಅಂದರೆ ಗಡ್ಡೆಗಳನ್ನು ಹೇಳುವಾಗ ‘ರಕ್ತೇನ, ಮಾಂಸೇನ, ಮೇದಸಾ’ (ರಕ್ತದಿಂದ, ಮಾಂಸದಿಂದ, ಕೊಬ್ಬಿನಿಂದ) ಎಂದು ತೃತೀಯಾ ವಿಭಕ್ತಿಯನ್ನು ಬಳಸಲಾಗಿದೆ. ವಾತ, ಪಿತ್ತ, ಕಫಗಳೆಂಬ ದೋಷಗಳು ಮತ್ತು ರಕ್ತ, ಮಾಂಸ ಮೊದಲಾದ ಧಾತುಗಳ ಆ ವಿಚಾರ ಇಂದಿನ ಸೂಕ್ಷ್ಮದರ್ಶಕದ ವರ್ಗೀಕರಣಕ್ಕಿಂತ ಬೇರೆಯದೇ. ಆದರೂ ಯಾವುದರಿಂದ ಉಂಟಾಯಿತು ಎಂಬುದನ್ನು ವಿಭಕ್ತಿಯಲ್ಲೇ ತೋರಿಸಿರುವ ಕ್ರಮ ನನಗೆ ಬಹಳ ಹಿಡಿಸಿತು. ನಮ್ಮ ‘ಇಂದ’ ಪ್ರತ್ಯಯಕ್ಕೂ ಆ ಶಕ್ತಿಯಿದೆ, ಆದರೆ ‘ಮೂಳೆಯಿಂದ ಹುಟ್ಟಿದ ಕ್ಯಾನ್ಸರ್’ ಎಂಬುದು ಪ್ರತಿ ಸಾಲಿನಲ್ಲೂ ಬಂದರೆ ಓದು ಭಾರವಾಗುತ್ತದೆ.

ಚಿಕ್ಕದಾಗಿ ‘ಮೂಳೆಮೂಲದ ಗಡ್ಡೆ’, ‘ಕೊಬ್ಬುಮೂಲದ ಗಡ್ಡೆ’ ಎನ್ನಬಹುದು. ಹಳ್ಳಿಗಳಲ್ಲಿ ಮೂಲ ಎಂದೊಡನೆ ಮೂಲವ್ಯಾಧಿ ನೆನಪಾಗುವುದರಿಂದ ಅದನ್ನು ಬಳಸಲು ನಾನು ಹಿಂಜರಿಯುತ್ತೇನೆ. ‘ಮೂಳೆಹುಟ್ಟಿನ’, ‘ಕೊಬ್ಬುಹುಟ್ಟಿನ’ ಎಂಬ ಸಮಾಸಗಳು ಸರಿಯೆನಿಸುತ್ತವೆಯೇ, ಅಥವಾ ‘ಮೂಳೆಯೇ ಹುಟ್ಟುವಂಥ’ ಎಂಬ ತಪ್ಪು ಅರ್ಥ ಕೊಡುತ್ತವೆಯೇ? ಗಡ್ಡೆಯೇ ಕಾಣದ ರಕ್ತದ ಕ್ಯಾನ್ಸರಿಗೂ ‘ಮಜ್ಜೆಹುಟ್ಟಿನ’ (ಮೂಳೆಯೊಳಗಿನ ಮಜ್ಜೆಯಿಂದ ಹುಟ್ಟಿದ) ಎಂಬುದು ಹೊಂದುವಂತಿದ್ದರೆ ನನ್ನ ಒಲವು ಅತ್ತಲೇ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸದಸ್ಯರು ತಮ್ಮಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಬೇಕು.