ಪದ ಬೇಕಾಗಿದೆ: ಎನ್ರಾನ್‌ನ ‘ಆಫ್ ಬ್ಯಾಲೆನ್ಸ್ ಶೀಟ್’ ಕಂಪನಿಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ವಾಣಿಜ್ಯ ವಿದ್ಯಾರ್ಥಿಗಳ ಪುಸ್ತಕವೊಂದಕ್ಕೆ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಕುಸಿತದ ಅಧ್ಯಾಯವನ್ನು ಅನುವಾದಿಸುತ್ತಿದ್ದೇನೆ. ಸೋಮವಾರ ಹಸ್ತಪ್ರತಿ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ‘ಮಾರ್ಕ್ ಟು ಮಾರ್ಕೆಟ್’ ಎಂಬುದನ್ನು ‘ಮಾರುಕಟ್ಟೆ ಬೆಲೆಯ ಲೆಕ್ಕ’ ಎಂದಿದ್ದೇನೆ, ಸಮಾಧಾನವಿಲ್ಲ. ಇನ್ನೊಂದು, ಹಣಕಾಸು ಮುಖ್ಯಾಧಿಕಾರಿ ಆಂಡ್ರ್ಯೂ ಫಾಸ್ಟೋ ಕಟ್ಟಿದ ಎಲ್‌ಜೆಎಂ, ರಾಪ್ಟರ್ ಮುಂತಾದ ಸಂಸ್ಥೆಗಳು. ಸಾಲ, ನಷ್ಟಗಳನ್ನು ಅಲ್ಲಿಗೆ ದಾಟಿಸಿ ಎನ್ರಾನ್‌ನ ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಚೊಕ್ಕಟವಾಗಿ ತೋರಿಸಿದರು. ‘ವಿಶೇಷ ಉದ್ದೇಶದ ಘಟಕ’ ಎಂದರೆ ಸರ್ಕಾರಿ ಸುತ್ತೋಲೆಯ ಭಾಷೆಯಾಗುತ್ತದೆ, ಮೋಸದ ಸುಳಿವೇ ಸಿಗುವುದಿಲ್ಲ. ‘ಬೇನಾಮಿ ಕಂಪನಿ’ ಎನ್ನಬಹುದೇ?

*

ಬೇನಾಮಿ ಖಂಡಿತ ಬೇಡ. ಫಾರಸಿಯ ‘ಬೇ’ ಮತ್ತು ‘ನಾಮ್’ ಕೂಡಿದ ಪದ ಅದು. ನಮ್ಮಲ್ಲಿ ‘ಮರೆ’ ಇದೆ, ‘ಕೂಟ’ ಇದೆ, ‘ಮರೆಕೂಟ’ ಎನ್ನಿ. ಖಾತೆ, ಜಮಾ, ಅಢಾವೆ, ದಿವಾಳಿ ಎಂದು ಹಣದ ಮಾತನ್ನೆಲ್ಲ ಎರವು ತಂದು, ಆಮೇಲೆ ಕನ್ನಡದಲ್ಲಿ ವಾಣಿಜ್ಯ ಕಲಿಸಲಾಗದು ಎಂದು ನಾವೇ ದೂರುತ್ತೇವೆ. ಹೊಸ ಪುಸ್ತಕದಲ್ಲಾದರೂ ಇದು ನಿಲ್ಲಲಿ.

*

‘ಮರೆಕೂಟ’ ನಡೆಯುವುದಿಲ್ಲ. ಪದ ಕಟ್ಟುವ ಮೊದಲು ಪ್ರಕರಣವನ್ನು ಓದಬೇಕು.

ಫಾಸ್ಟೋ ಎಲ್‌ಜೆಎಂ ನಡೆಸುತ್ತಿದ್ದುದು ಮರೆಯಲ್ಲಲ್ಲ. 1999ರಲ್ಲಿ ಎನ್ರಾನ್ ಆಡಳಿತ ಮಂಡಳಿ ತನ್ನದೇ ನೀತಿ ಸಂಹಿತೆಯಿಂದ ಅವನಿಗೆ ವಿನಾಯಿತಿ ಕೊಟ್ಟು ಒಪ್ಪಿಗೆ ನೀಡಿತ್ತು. ಕಂಪನಿಯ ಹಣ ಕಾಯಬೇಕಾದವನೇ ಅದರೊಡನೆ ವ್ಯವಹರಿಸುವ ಎದುರು ಪಕ್ಷದಲ್ಲೂ ಕುಳಿತ; ಮಂಡಳಿ ರುಜು ಹಾಕಿತು. ‘ಬೇನಾಮಿ’ಗೂ ‘ಮರೆ’ಗೂ ಇರುವ ದೋಷ ಒಂದೇ: ಯಾರೋ ಒಬ್ಬ ಕದ್ದುಮುಚ್ಚಿ ಮಾಡಿದ ಎಂಬ ಅರ್ಥ ಕೊಟ್ಟು ಮಂಡಳಿಯನ್ನೂ ಲೆಕ್ಕಪರಿಶೋಧಕರಾದ ಆರ್ಥರ್ ಆಂಡರ್ಸನ್ ಸಂಸ್ಥೆಯನ್ನೂ ಪಾರು ಮಾಡುತ್ತವೆ. ಹೊರಗಿನವರ ಬಂಡವಾಳ ಶೇ 3ರಷ್ಟಿದ್ದರೆ ಅಂಥ ಸಂಸ್ಥೆಯನ್ನು ಲೆಕ್ಕದಿಂದ ಹೊರಗಿಡಬಹುದು ಎಂಬ ರೂಢಿ ಆಗ ಇತ್ತು. ಆ ಅಲ್ಪ ಪಾಲು ಕೂಡ ಅಂಥದೇ ಇನ್ನೊಂದು ಸಂಸ್ಥೆಯಾದ ಚ್ಯೂಕೋದಲ್ಲಿ ನಿಜವಾಗಿ ಹೊರಗಿನದಾಗಿರಲಿಲ್ಲ. ರಾಪ್ಟರ್‌ಗಳಿಗೆ ಆಸರೆಯಾಗಿದ್ದುದು ಎನ್ರಾನ್‌ನದೇ ಷೇರು. ಷೇರು ಬಿದ್ದಾಗ ಆಸರೆಯೂ ಬಿತ್ತು. ಇಡೀ ಆಟ ನಡೆದದ್ದು ಲೆಕ್ಕದ ಒಳಗೆ, ಹೊರಗೆ ಎಂಬ ಗೆರೆಯ ಮೇಲೆ. ಆದ್ದರಿಂದ ‘ಹೊರಲೆಕ್ಕದ ಕಂಪನಿ’. ಓದುಗನಿಗೆ ಒಮ್ಮೆಗೇ ತಿಳಿಯುತ್ತದೆ.

‘ಮಾರುಕಟ್ಟೆ ಬೆಲೆಯ ಲೆಕ್ಕ’ ಸರಿಯಾದ ಅನುವಾದವೇ, ಆದರೆ ಎನ್ರಾನ್ ಮಾಡಿದ್ದನ್ನು ಅದು ಹೇಳುವುದಿಲ್ಲ. 2000ದಲ್ಲಿ ವಿಡಿಯೊ ಬಾಡಿಗೆ ಕಂಪನಿ ಬ್ಲಾಕ್‌ಬಸ್ಟರ್ ಜೊತೆ ಮನೆಗಳಿಗೆ ಸಿನಿಮಾ ತಲುಪಿಸುವ 20 ವರ್ಷದ ಒಪ್ಪಂದವಾಯಿತು. ಸೇವೆ ಪ್ರಯೋಗದ ಹಂತ ದಾಟಿರಲಿಲ್ಲ. ಆಗಲೇ 11 ಕೋಟಿ ಡಾಲರಿಗೂ ಹೆಚ್ಚು ಲಾಭವನ್ನು ಜಮಾ ಹಿಡಿದರು. ಅಂಥ ಒಪ್ಪಂದಕ್ಕೆ ಯಾವ ಪೇಟೆಯಲ್ಲಿ ಬೆಲೆ ಇತ್ತು? ಬೆಲೆ ಕಟ್ಟಿದವರು ಅವರೇ. ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಇಟ್ಟು, ‘ಮುಂದೆ ಬರಬಹುದಾದ ಲಾಭವನ್ನು ಇಂದೇ ಜಮಾ ಹಿಡಿಯುವುದು’ ಎಂದು ಪಕ್ಕದಲ್ಲೇ ಬಿಡಿಸಿ ಬರೆಯಿರಿ.

*

ಇಂಗ್ಲಿಷ್ ಪದವನ್ನೇ ಇಡಿ ಎನ್ನುವವರಿಗೆ ಪದಚರ್ಚೆ ಏಕೆ ಬೇಕು? ‘ಮುಂಗಾಣ್ಕೆಯ ಗಳಿಕೆ’ ಎಂದರೆ ಏನು ಕೊರತೆ?

*

ಕೊರತೆ ಇಷ್ಟೇ: ಪರೀಕ್ಷೆಯಲ್ಲೂ ಮುಂದೆ ಕಚೇರಿಯಲ್ಲೂ ಆ ವಿದ್ಯಾರ್ಥಿ ಎದುರಿಸುವ ಪದ ಅದಲ್ಲ. ಎರವು ಪದಗಳನ್ನೆಲ್ಲ ಕಿತ್ತುಹಾಕಲು ಹೊರಟರೆ ‘ಲೆಕ್ಕ’ವನ್ನೂ ಬಿಡಬೇಕಾಗುತ್ತದೆ. ಲಕಾರದಿಂದ ಶುರುವಾಗುವ ಅಚ್ಚಗನ್ನಡ ಪದಗಳು ಅಪರೂಪ ಎಂಬುದು ನಿಮಗೂ ಗೊತ್ತು. ಅದು ಸಂಸ್ಕೃತದ ‘ಲೇಖ್ಯ’ದಿಂದ ಪ್ರಾಕೃತದ ದಾರಿಯಲ್ಲಿ ಬಂದ ತದ್ಭವ. ಅದನ್ನು ಯಾರೂ ಪರಕೀಯವೆಂದು ದೂರ ಇಟ್ಟಿಲ್ಲ.

*

ಇಬ್ಬರಿಗೂ ವಂದನೆಗಳು. ‘ಹೊರಲೆಕ್ಕದ ಕಂಪನಿ’ಯನ್ನೇ ಬಳಸುತ್ತೇನೆ. ಇನ್ನೊಂದು ಪ್ರಶ್ನೆ: 2001ರ ಡಿಸೆಂಬರ್ 2ರಂದು ಎನ್ರಾನ್ ‘ದಿವಾಳಿಯಾಯಿತು’ ಎಂದು ಬರೆದಿದ್ದೇನೆ. ಸಾಕೇ?

*

ಸಾಲದು. ಅಂದು ಅದು ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ‘ದಿವಾಳಿ ಅರ್ಜಿ ಸಲ್ಲಿಸಿತು’ ಎಂದು ಬರೆಯಿರಿ. ‘ಸಾಲಗಾರ’ ಎಂದರೆ ಕೊಟ್ಟವನೋ ತೆಗೆದುಕೊಂಡವನೋ ಎಂಬ ಗೊಂದಲ ನಮ್ಮಲ್ಲಿ ಇರುವುದರಿಂದ ಪುಸ್ತಕದಲ್ಲಿ ‘ಸಾಲ ಕೊಟ್ಟವರಿಂದ’ ಎಂದೇ ಇರಲಿ.